ರೆಕಾರ್ಡಿನ ಕೊನೆಯಲ್ಲೊಂದು ನಗು

ಇಂಗ್ಲೆಂಡಿನಿಂದ ಬಂದು ಹದಿನೈದು ದಿನವಾಗಿತ್ತು. ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಕ್ಕಳು. ಕಂಕುಳಲ್ಲಿ ಕೂಸು, ಕೈಯಲ್ಲಿ ಹಡಗಲಿ ಮಲ್ಲಿಗೆಯ ಪೊಟ್ಟಣ.

"ಟೀಚರ್, ರಾಣಿ ಅರಮನಿ ನೋಡಿದ್ರೇನ್ರಿ?"

ಇಲ್ಲ ಎಂದೆ.

"ಆ ದೊಡ್ಡ ಗಡಿಯಾರ?"

ಅದೂ ಇಲ್ಲ.

"ಮತ್ತ ಅಷ್ಟು ದೂರ ಹೋಗಿ ಏನು ನೋಡಿ ಬಂದ್ರಿ?"

ನಿಜವಾಗಿ ಕನಿಕರಪಟ್ಟು ಕೇಳಿದಳು. ಐದು ವಾರ ಅಲ್ಲಿದ್ದೆ. ನೋಡಿದ್ದು ಒಂದು ಮನೆ, ಒಂದು ಅಂಗಡಿ, ಒಂದು ಆಸ್ಪತ್ರೆಯ ವಾರ್ಡು. ಉಳಿದ ಇಂಗ್ಲೆಂಡೆಲ್ಲ ಟ್ಯಾಕ್ಸಿಯ ಕಿಟಕಿಯಾಚೆ ತುಂತುರಿನಲ್ಲಿ ಕದಡಿ ಹೋಯಿತು. ಇದನ್ನೆಲ್ಲ ಹೇಳುವಷ್ಟರಲ್ಲಿ ಅವಳ ಬಸ್ಸು ಬಂತು, ಹತ್ತಿಬಿಟ್ಟಳು. ಅವಳಿಗೆ ಹೇಳಲಾಗದ್ದನ್ನು ಇಲ್ಲಿ ಬರೆದಿದ್ದೇನೆ.

ನಮ್ಮದು ಕೊಟ್ಟೂರು. ಓದಿದ್ದು ಬಳ್ಳಾರಿಯ ಕಾನ್ವೆಂಟಿನಲ್ಲಿ, ನನ್‌ಗಳ ಕೈಕೆಳಗೆ. ಹರಪನಹಳ್ಳಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಹೇಳಿಕೊಟ್ಟು ರಿಟೈರ್ ಆದವಳು. ಮದುವೆಯಾಗಲಿಲ್ಲ. ತಮ್ಮ ಒಬ್ಬನೇ, ಕೊಟ್ರೇಶ. ನನಗಿಂತ ಹನ್ನೊಂದು ವರ್ಷ ಚಿಕ್ಕವನು. ಅವ್ವನ ಕೈಗಿಂತ ನನ್ನ ಸೊಂಟದ ಮೇಲೆಯೇ ಹೆಚ್ಚು ಬೆಳೆದವನು. ಅರವತ್ತರ ದಶಕದ ಮೊದಲಲ್ಲಿ ಓದಲೆಂದು ಇಂಗ್ಲೆಂಡಿಗೆ ಹೋದ. ಓದು ಅರ್ಧಕ್ಕೆ ನಿಂತು, ಲಂಡನ್ನಿನ ಪಶ್ಚಿಮಕ್ಕಿದ್ದ ಒಂದು ಗ್ರಾಮಫೋನ್ ರೆಕಾರ್ಡಿನ ಕಾರ್ಖಾನೆ ಸೇರಿದ. ಇಪ್ಪತ್ತಾರು ವರ್ಷ ಒಮ್ಮೆಯೂ ಊರಿಗೆ ಬರಲಿಲ್ಲ.

ಕಳೆದ ಬೇಸಿಗೆಯಲ್ಲಿ ಅವನ ಪತ್ರ ಬಂತು. ಎರಡೂ ಕಿವಿಯ ನರದ ಮೇಲೆ ಗಂಟು. ಎಡಗಿವಿ ಮೂರು ವರ್ಷದ ಹಿಂದೆಯೇ ಹೋಗಿದೆ. ಈಗ ಬಲಗಿವಿಯ ಗಂಟು ಮೆದುಳನ್ನು ಒತ್ತುತ್ತಿದೆ, ತೆಗೆಯದಿದ್ದರೆ ಜೀವಕ್ಕೆ ಅಪಾಯ. ತೆಗೆದರೆ ಜೀವ ಉಳಿಯುತ್ತದೆ, ಕೇಳುವುದು ಉಳಿಯುವುದಿಲ್ಲ. ಡಾಕ್ಟರು ದಿನ ಗೊತ್ತು ಮಾಡಿದ್ದಾರೆ. ಇಷ್ಟನ್ನು ರೈಲ್ವೆ ಟೈಮ್ ಟೇಬಲ್ಲಿನ ಹಾಗೆ ಬರೆದು ಕೊನೆಗೆ ಒಂದು ಬೇಡಿಕೆ ಇಟ್ಟಿದ್ದ: "ಅಕ್ಕಾ, ನೀನು ಬಾ. ಬರುವಾಗ ನನ್ನ ಟ್ರಂಕಿನಲ್ಲಿರುವ ಒಂದು ರೆಕಾರ್ಡು ತಾ. ಕವರಿನ ಮೇಲೆ ಐದು ಜನ ಹುಡುಗರು ಮುರಿದ ಗೋಡೆ ಹತ್ತಿ ಕುಳಿತಿದ್ದಾರೆ. ಮೂಲೆಯಲ್ಲಿ ಮೊನೊ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿದೆ. ಅದಿಲ್ಲದಿದ್ದರೆ ಅದು ಬೇರೆ."

ಶೇಂಗಾ ಚಟ್ನಿ ಕೇಳಲಿಲ್ಲ, ಸಜ್ಜೆ ರೊಟ್ಟಿ ಕೇಳಲಿಲ್ಲ. ಅವನ ಅಕ್ಷರದ ಮೇಲೆ ಕೈಯಾಡಿಸುತ್ತ ಬಹಳ ಹೊತ್ತು ಕುಳಿತಿದ್ದೆ.

ವಿಮಾನ ನಿಲ್ದಾಣ: ಬಿಳಿಯ ಪುಡಿ

ಲಂಡನ್ನಿನಲ್ಲಿ ಇಳಿದು ಕಸ್ಟಮ್ಸ್ ಮೇಜಿನ ಮುಂದೆ ನಿಂತಾಗ ನನಗೆ ಧೈರ್ಯವೇ ಇತ್ತು. ಇಂಗ್ಲಿಷ್ ನನ್ನದು ತಾನೆ! ಅಧಿಕಾರಿ ಚಿಕ್ಕ ವಯಸ್ಸಿನವನು, ಮುಖದ ತುಂಬ ಕೆಂಪು ಚುಕ್ಕೆ. ಸೀರೆಗಳ ನಡುವೆ ಇಟ್ಟಿದ್ದ ರೆಕಾರ್ಡನ್ನು ಎಳೆದು ಕವರನ್ನು ಬಗ್ಗಿಸಿದ. ಅದರ ಬಾಯಿಂದ ಬಿಳಿಯ ಪುಡಿ ಸುರಿದು ಕಪ್ಪು ಮೇಜಿನ ಮೇಲೆ ಹರಡಿತು.

ಅವನು ಪುಡಿ ನೋಡಿದ, ನನ್ನನ್ನು ನೋಡಿದ.

ನನಗೂ ಆಗಲೇ ಗೊತ್ತಾದದ್ದು. ಒಳಗಿನ ಕಪ್ಪು ತಟ್ಟೆಯ ಮೇಲೆ ಅಡ್ಡಲಾಗಿ ಮೂರು ಬೆರಳಿನ ವಿಭೂತಿ ಪಟ್ಟೆ, ನಡುವಿನ ಲೇಬಲ್ಲಿನ ಮೇಲೆ ಕುಂಕುಮ. ತಿರುವಿ ಹಾಕಿದರೆ ಆ ಮೈಗೂ ಅಷ್ಟೇ.

ಇದು ನಮ್ಮ ಅವ್ವನ ಕೆಲಸ. ಇಪ್ಪತ್ತು ವರ್ಷದ ಹಿಂದೆ ಅಪ್ಪ "ಸಾಕು, ಬಾ, ಮದುವಿ ಮಾಡ್ತೀನಿ" ಎಂದು ಬರೆದಾಗ ಕೊಟ್ರ ಒಪ್ಪಿ, ಹಡಗಿನಲ್ಲಿ ಊರಿಗೆ ಮರಳುತ್ತಿದ್ದ ಸ್ನೇಹಿತನ ಜೊತೆ ತನ್ನ ಟ್ರಂಕನ್ನು ಮುಂದಾಗಿ ಕಳಿಸಿದ್ದ. ಟ್ರಂಕು ಬಂತು. ಅವನು ಬರಲಿಲ್ಲ. ಆಯುಧ ಪೂಜೆಯ ದಿನ ನಮ್ಮ ಮನೆಯಲ್ಲಿ ಕುಡುಗೋಲು, ಹೊಲಿಗೆ ಮೆಷಿನ್ನು, ನನ್ನ ಸೀಮೆಸುಣ್ಣದ ಡಬ್ಬಿ, ಕೆಂಪು ಶಾಯಿಯ ಪೆನ್ನು ಎಲ್ಲದಕ್ಕೂ ವಿಭೂತಿ ಹಚ್ಚುತ್ತಿದ್ದರು. ಮಗ ರೆಕಾರ್ಡಿನ ಕಾರ್ಖಾನೆಯಲ್ಲಿದ್ದಾನೆ, ಆದ್ದರಿಂದ ರೆಕಾರ್ಡು ಅವನ ಆಯುಧ. ಅವ್ವ ಟ್ರಂಕಿನ ಮುಚ್ಚಳಕ್ಕೆ ಮಾತ್ರ ಹಚ್ಚುತ್ತಾಳೆಂದು ನಾನು ತಿಳಿದಿದ್ದೆ. ಆದರೆ ಒಳಗಿನ ಒಂದೊಂದು ರೆಕಾರ್ಡನ್ನೂ ಕವರಿನಿಂದ ತೆಗೆದು, ನೀರಲ್ಲಿ ಕಲಸಿದ ವಿಭೂತಿಯನ್ನು ಎರಡೂ ಮೈಗೆ ಎಳೆದು, ಮತ್ತೆ ಒಳಗಿಟ್ಟಿದ್ದಳು. ಸಾಯುವ ವರ್ಷದವರೆಗೂ.

"ಇದೇನು, ಮೇಡಂ?"

"ಹೋಲಿ ಆಶ್," ಎಂದೆ.

"ಯಾವುದರ ಬೂದಿ?"

ನನ್‌ಗಳು ಕಲಿಸಿದ್ದು ಒಂದೇ: ಕೇಳಿದ್ದಕ್ಕೆ ನಿಜ ಹೇಳು. "ಹಸುವಿನ ಸೆಗಣಿ," ಎಂದು ಸ್ಪಷ್ಟವಾದ ಇಂಗ್ಲಿಷಿನಲ್ಲಿ ಹೇಳಿದೆ.

ಹುಡುಗ ಮೇಜಿನಿಂದ ಕೈ ತೆಗೆದ. ಇನ್ನೊಬ್ಬ ಬಂದ, ಬ್ರಷ್ಷಿನಿಂದ ಪುಡಿಯನ್ನು ಸಣ್ಣ ಲಕೋಟೆಗೆ ತುಂಬಿಕೊಂಡ, ರೆಕಾರ್ಡನ್ನು ಟ್ರೇಯಲ್ಲಿಟ್ಟು ಒಳಗೆ ಒಯ್ದ. ಮುಕ್ಕಾಲು ಗಂಟೆ ನನ್ನನ್ನು ಬೆಂಚಿನ ಮೇಲೆ ಕೂರಿಸಿದರು. ಕಾನಹೊಸಹಳ್ಳಿಯಲ್ಲಿ ಬಸ್ಸು ಕೆಟ್ಟು ಕುಳಿತರೆ ಪಕ್ಕದವರು ಊರು, ಮನೆ, ಮಕ್ಕಳು ಎಂದು ಕೇಳಿ ಅರ್ಧ ನೆಂಟರಾಗಿರುತ್ತಾರೆ. ಇಲ್ಲಿ ಬೆಂಚಿನ ಆ ತುದಿಯ ಹೆಂಗಸು ತನ್ನ ಚೀಲವನ್ನು ಇನ್ನಷ್ಟು ಆ ಕಡೆಗೆ ಸರಿಸಿಕೊಂಡಳು.

ರೆಕಾರ್ಡು ವಾಪಸು ಬಂತು. ಒಂದು ಪಟ್ಟೆ ಅರ್ಧ ಅಳಿಸಿತ್ತು. ವಯಸ್ಸಾದ ಅಧಿಕಾರಿ ಸಾರಿ ಎಂದ. ನಾನು "ನಾಟ್ ಅಟ್ ಆಲ್" ಎಂದೆ. ಹಾಗನ್ನುವುದು ಅಭ್ಯಾಸ.

ಕೊಟ್ರನ ಮನೆ: ಎದ್ದು ಹೋದ ಹಾಡುಗಾರ

ಹೊರಗೆ ನಿಂತಿದ್ದ ಮುದುಕ ನನ್ನ ತಮ್ಮನೆಂದು ತಿಳಿಯಲು ಒಂದು ಕ್ಷಣ ಬೇಕಾಯಿತು. ತಲೆ ಪೂರ್ತಿ ಬೆಳ್ಳಗೆ. ದೋಣಿಯ ಮೇಲೆ ನಡೆಯುವವನ ಹಾಗೆ ಕಾಲು ಅಗಲಿಸಿ ನಡೆದು ಬಂದ. ಕಾಲು ಮುಟ್ಟಲು ಬಗ್ಗಿದರೆ ಬಿದ್ದಾನೆಂದು ನಾನೇ ಹಿಡಿದೆ.

"ಕೊಟ್ರಾ," ಎಂದೆ ಎಡಗಡೆಯಿಂದ.

"ಈ ಕಡಿ ಬಾ ಅಕ್ಕಾ. ಆ ಕಡಿ ಅಂಗಡಿ ಬಂದ್ ಆಗೈತಿ," ಎಂದು ಬಲಗಿವಿ ತೋರಿಸಿದ.

ಇಪ್ಪತ್ತಾರು ವರ್ಷದ ಹಿಂದೆ ಕೊಟ್ಟೂರಿನಿಂದ ಒಯ್ದ ಕನ್ನಡ, ಒಂದಿಷ್ಟೂ ಮಾಸಿರಲಿಲ್ಲ. ನಾವು ಊರಲ್ಲಿದ್ದವರೇ ರೇಡಿಯೋ ಕೇಳಿ ಬದಲಾಗಿದ್ದೇವೆ.

ಅವನ ಮನೆ ಸಾಲಿನಲ್ಲಿ ಒಂದು. ಎರಡೂ ಪಕ್ಕದ ಗೋಡೆ ಬೇರೆಯವರದು. ಅಷ್ಟು ಹತ್ತಿರ ಬದುಕಿಯೂ ಅಲ್ಲಿಯವರು ಗೋಡೆಯಾಚೆಯ ಕೆಮ್ಮನ್ನು ಕೇಳಿಸಿಕೊಳ್ಳದವರ ಹಾಗೆ ಇರುತ್ತಾರೆ, ಅದೇ ಸಭ್ಯತೆ. ನಮ್ಮ ಓಣಿಯಲ್ಲಿ ಕೆಮ್ಮಿದರೆ ಕಷಾಯ ಬರುತ್ತದೆ. ಒಳಗೆ ಗೋಡೆಯ ಮೇಲೆ ಅವನ ಹೆಂಡತಿ ಜೋನ್‌ಳ ಫೋಟೋ. ತೀರಿಕೊಂಡು ಐದು ವರ್ಷ. ಮಕ್ಕಳಿಲ್ಲ. ಆ ಮುಖವನ್ನು ನಾನು ನೋಡಿದ್ದು ಅದೇ ಮೊದಲು.

ಇಲ್ಲಿ ಒಂದು ಮಾತು ಹೇಳಿ ಮುಗಿಸಿಬಿಡುತ್ತೇನೆ. ಕೊಟ್ರ ಊರಿಗೆ ಬರಲಿಲ್ಲ ಎಂದೆನಲ್ಲ, ಕಾರಣ ಜೋನ್. ಕಾರ್ಖಾನೆಯಲ್ಲಿ ರೆಕಾರ್ಡನ್ನು ಕವರಿಗೆ ತುಂಬುವ ಮೇಜಿನಲ್ಲಿದ್ದಳು. ಟ್ರಂಕು ಕಳಿಸಿದ ಮೇಲೆ ಅವನು ಮನಸ್ಸು ಬದಲಿಸಿ, ಅವಳನ್ನು ಮದುವೆಯಾಗಿ ಕರೆತರುತ್ತೇನೆಂದು ಬರೆದ. ಅವಳೂ ಅದರಲ್ಲೇ ನಾಲ್ಕು ಸಾಲು ಬರೆದಿದ್ದಳು. ಅಪ್ಪ "ಆಕಿ ಈ ಹೊಸ್ತಿಲ ದಾಟಬಾರದು ಅಂತ ಬರಿ" ಎಂದರು. ಮನೆಯಲ್ಲಿ ಇಂಗ್ಲಿಷ್ ಬಲ್ಲವಳು ನಾನೊಬ್ಬಳೇ. "ನಿಮ್ಮನ್ನು ಬರಮಾಡಿಕೊಳ್ಳುವ ಸ್ಥಿತಿಯಲ್ಲಿ ನಾವಿಲ್ಲದಿರುವುದಕ್ಕೆ ವಿಷಾದಿಸುತ್ತೇವೆ" ಎಂದು ಜೋನ್‌ಗೆ ನೇರವಾಗಿ ಬರೆದೆ. ಗ್ರಾಮರ್ ಸರಿಯಾಗಿದೆಯೇ ಎಂದು ಎರಡು ಸಲ ಓದಿ ನೋಡಿದ್ದು ಚೆನ್ನಾಗಿ ನೆನಪಿದೆ.

ಕೊಟ್ರ ಆ ಪತ್ರದ ವಿಷಯ ಎತ್ತಲೇ ಇಲ್ಲ. ನನಗೆ ಚಹಾ ಕೊಟ್ಟು ತನ್ನ ಯಂತ್ರಗಳ ಮುಂದೆ ಕೂರಿಸಿದ. ಹೊಸದಾಗಿ ಬಂದಿದ್ದ ಸಿ.ಡಿ. ಪ್ಲೇಯರ್ ತೋರಿಸಿದ. ಅಂಗೈಯಗಲದ ಬೆಳ್ಳಿ ಬಿಲ್ಲೆ. ಐದು ಹುಡುಗರ ಅದೇ ಆಲ್ಬಮ್, ಈಗ ಹೊಸದಾಗಿ ತೊಳೆದು ಬಳಿದು ಹೊರಬಿಟ್ಟಿದ್ದರು. ಅದಕ್ಕೆ ರೀಮಾಸ್ಟರ್ ಎಂಬ ಹೆಸರು. ಹೆಡ್‌ಫೋನನ್ನು ನನ್ನ ತಲೆಗೆ ಹಾಕಿದ. ಎಡಗಿವಿಯಲ್ಲಿ ಒಬ್ಬ ಹಾಡುತ್ತಿದ್ದ, ಬಲಗಿವಿಯಲ್ಲಿ ಗಿಟಾರು, ಡ್ರಮ್ಮು. ಡೊಳ್ಳು ಒಂದು ಓಣಿಯಲ್ಲಿ, ಹಾಡು ಇನ್ನೊಂದು ಓಣಿಯಲ್ಲಿ ನಡೆದ ಹಾಗಿತ್ತು.

"ಇದು ಸ್ಟೀರಿಯೋ," ಎಂದ. "ಈಗ ನನ್ನ ಕಿವಿ ಆಗು. ಎಡಕ್ಕ ಕೈ ಮುಚ್ಚು."

ಎಡಗಡೆಯದನ್ನು ಅಂಗೈಯಿಂದ ಮುಚ್ಚಿದೆ. ಹಾಡುವವನು ಇಲ್ಲವಾದ. ಗಿಟಾರು ಯಾರಿಗೋ ಕಾಯುತ್ತ ತಾನೊಂದೇ ನಡೆಯುತ್ತಿತ್ತು.

"ಎದ್ದು ಹೋಗ್ಯಾನ ನೋಡು," ಎಂದ ಕೊಟ್ರ. "ಮೂರು ವರ್ಷಾತು. ತಿರುವಿ ಹಾಕ್ಕೊಂಡ್ರ ಅವನು ಬರ್ತಾನ, ಉಳದವರು ಹೋಗ್ತಾರ."

"ಎರಡೂ ಕಡೀದನ್ನ ಕೂಡಿಸೋ ಬಟನ್ ಇಲ್ಲೇನು?"

"ಐತಿ. ಕೂಡಿಸಿದ್ರ ಮೊನೊ ಆಗಂಗಿಲ್ಲ. ಒಂದು ಕೈಯಾಗ ಮಂಡಕ್ಕಿ, ಒಂದು ಕೈಯಾಗ ಒಗ್ಗರಣಿ ಹಿಡಕೊಂಡು ಬಾಯಾಗ ಕೂಡಿಸಿದ್ರ ಒಗ್ಗರಣಿ ಮಂಡಕ್ಕಿ ಆಗತೈತೇನು?"

ಕಾರ್ಖಾನೆಯಲ್ಲಿ ಅವನ ಕೆಲಸ ಕೇಳುವುದು. ಅಚ್ಚಿನಿಂದ ಬಿಸಿಬಿಸಿಯಾಗಿ ಬಂದ ರೆಕಾರ್ಡುಗಳಲ್ಲಿ ಆಗಾಗ ಒಂದನ್ನು ಎತ್ತಿ, ಗಾಜಿನ ಸಣ್ಣ ಕೋಣೆಯಲ್ಲಿ ಕುಳಿತು ಮೊದಲಿನಿಂದ ಕೊನೆಯವರೆಗೆ ಕೇಳಿ, ದೋಷವಿದ್ದರೆ ಗುರುತು ಹಾಕಬೇಕು. ಆಗೆಲ್ಲ ಜನರ ಮನೆಯಲ್ಲಿ ಒಂದೇ ಸ್ಪೀಕರು. ಹಾಡುವವರು ವಾರಗಟ್ಟಲೆ ಕುಳಿತು ಎಲ್ಲ ದನಿಯನ್ನೂ ಒಂದರಲ್ಲೇ ಬೆರೆಸಿ ಮೊನೊ ಮಾಡಿಸುತ್ತಿದ್ದರಂತೆ; ಸ್ಟೀರಿಯೋವನ್ನು ಅವರು ಮನೆಗೆ ಹೋದ ಮೇಲೆ ಸ್ಟುಡಿಯೋದವರು ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತಿದ್ದರಂತೆ. ಈ ಆಲ್ಬಮ್ ಬಂದ ಎರಡು ವರ್ಷದಲ್ಲಿ ಮೊನೊ ನಿಂತೇ ಹೋಯಿತು. ಈ ಸಿ.ಡಿ. ಬಂದದ್ದು ಆ ಮಧ್ಯಾಹ್ನದ ಕೆಲಸದಿಂದ.

"ಅದಕ್ಕಲ್ಲ ಅಕ್ಕಾ ಆ ರೆಕಾರ್ಡು ತರಿಸಿದ್ದು," ಎಂದು ತಡೆದು ಹೇಳಿದ. "ಕಡೀ ಹಾಡು ಐತಲ್ಲ, ಅದು ಸಣ್ಣಾಗಿ ಸಣ್ಣಾಗಿ ಮುಗೀತೈತಿ. ಮೊನೊದಾಗ ಮುಗದ ಮ್ಯಾಲೆ ಒಂದು ಹೆಣ್ಣಿನ ನಗು ಐತಿ. ಸಣ್ಣದು. ಸ್ಟುಡಿಯೋದಾಗ ಯಾರೋ ನಕ್ಕಾರ, ಹಂಗ ಉಳದೈತಿ. ಸ್ಟೀರಿಯೋದಾಗ ಕತ್ತರಿಸ್ಯಾರ. ಆಪರೇಷನ್ನಿಗೆ ಮೊದಲ ಅದನ್ನ ಒಮ್ಮೆ ಕೇಳಬೇಕು. ಆಮ್ಯಾಲೆ ಏನಾರ ಆಗಲಿ."

ಸೂಟ್‌ಕೇಸಿನಿಂದ ರೆಕಾರ್ಡು ತೆಗೆದುಕೊಟ್ಟೆ. ಕವರಿನಿಂದ ಎಳೆದವನು ಹಾಗೆಯೇ ನಿಂತ. ಮೂರು ಪಟ್ಟೆಗಳ ಮೇಲೆ ತನ್ನ ಮೂರು ಬೆರಳನ್ನು, ಮುಟ್ಟದ ಹಾಗೆ, ಒಂದಿಷ್ಟು ಮೇಲೆ ಹಿಡಿದ.

"ಅವ್ವ?"

"ಪ್ರತಿ ಆಯುಧ ಪೂಜಿಗೆ."

"ಎಲ್ಲಾ ರೆಕಾರ್ಡಿಗೂ?"

"ಎಲ್ಲಾದಕ್ಕೂ."

"ಎರಡೂ ಮೈಗೆ ಹಚ್ಚ್ಯಾಳ ನೋಡು, ಬಿಟ್ಟಿಲ್ಲ," ಎಂದು ಕುರ್ಚಿಯಲ್ಲಿ ಕುಳಿತ. ನಾನು ಅಡುಗೆಮನೆಗೆ ಹೋದೆ. ಸ್ವಲ್ಪ ಹೊತ್ತಿನ ಮೇಲೆ ಆ ಕಡೆಯಿಂದ ಬಾಣಲೆಯಲ್ಲಿ ಜೋಳ ಹುರಿದಂಥ ಸದ್ದು ಬಂತು. ರೆಕಾರ್ಡ್ ಪ್ಲೇಯರಿನ ಮುಳ್ಳು ಇಟ್ಟಿದ್ದ. ಹಾಡು ಎಲ್ಲೋ ಒಳಗಿತ್ತು, ಮೇಲೆಲ್ಲ ಚಟಪಟ. ಕೊನೆಗೆ ಹಾಡು ಸಣ್ಣಗಾದಷ್ಟೂ ಬೂದಿಯ ಸದ್ದೇ ದೊಡ್ಡದಾಯಿತು.

ಲೆನ್‌ನ ಅಂಗಡಿ

ಮರುದಿನ ಕೊಟ್ರ ನನ್ನನ್ನು ಪೇಟೆಗೆ ಕರೆದೊಯ್ದ. ಹಳೆಯ ರೆಕಾರ್ಡು ಮಾರುವ ಒಂದು ಅಂಗಡಿ, ಒಳಗೆ ಒದ್ದೆ ನಾಯಿಯ ವಾಸನೆ. ನಾಯಿಯೂ ಇತ್ತು. ಅಂಗಡಿಯವನು ಲೆನ್, ಕೊಟ್ರನ ವಯಸ್ಸಿನವನು, ಹೊಟ್ಟೆಯ ಮೇಲೆ ಗುಂಡಿ ಹೋದ ಅಂಗಿ. ಇಬ್ಬರೂ ಇಪ್ಪತ್ತು ವರ್ಷದಿಂದ ಸ್ನೇಹಿತರು, ಇಪ್ಪತ್ತು ವರ್ಷದಿಂದ ಈ ನಗುವಿನ ಬಗ್ಗೆ ಜಗಳ.

"ನಿಮ್ಮ ತಮ್ಮನಿಗೆ ಹೇಳಿ, ಮೇಡಂ," ಎಂದ ಲೆನ್. "ನನ್ನ ಹತ್ತಿರವೂ ಆ ಮೊನೊ ಇತ್ತು. ಸಾವಿರ ಸಲ ಕೇಳಿದ್ದೇನೆ. ಅದರಲ್ಲಿ ನಗುವೂ ಇಲ್ಲ, ಅಳುವೂ ಇಲ್ಲ. ನನ್ನದು ಬೇರೆ ಅಚ್ಚಿನದೆಂದು ಇವನು ಅದನ್ನು ಕೇಳಲೇ ಒಪ್ಪಲಿಲ್ಲ. ಹೋದ ಚಳಿಗಾಲ ಒಬ್ಬ ಜಪಾನಿಗೆ ಮಾರಿಬಿಟ್ಟೆ, ಇಲ್ಲದಿದ್ದರೆ ಈಗಲೇ ಹಾಕಿ ತೋರಿಸುತ್ತಿದ್ದೆ."

"ನೀನು ದುಡಿದದ್ದು ಮೀನಂಗಡಿಯಲ್ಲಿ. ನಾನು ಕೇಳುವ ಕೋಣೆಯಲ್ಲಿ," ಎಂದ ಕೊಟ್ರ.

"ಮೀನಂಗಡಿಯವನಿಗೂ ಎರಡು ಕಿವಿ ಇವೆ!"

ಹೇಳಿದ ಮೇಲೆ ಲೆನ್‌ಗೆ ತನ್ನ ಮಾತು ಗೊತ್ತಾಯಿತು. ಕುತ್ತಿಗೆಯವರೆಗೆ ಕೆಂಪಾದ. ಕೊಟ್ರ ಜೋರಾಗಿ ನಕ್ಕು ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಪಾಪದವ ಅದಾನ, ಬಾಯಿ ಮಾತ್ರ ಹೊಲಸು," ಎಂದ.

ಲೆನ್ ರೆಕಾರ್ಡನ್ನು ಬೆಳಕಿಗೆ ಹಿಡಿದು ಎರಡೂ ಮೈ ತಿರುವಿ ನೋಡಿದ. ಆಮೇಲೆ ನನ್ನನ್ನು ಕೇಳಿದ, ಹೇಗೆ ತೊಳೆಯಬೇಕೆಂದಿದ್ದೀರಿ? ಕುದಿಯುವ ನೀರು, ಸೀಗೆಪುಡಿ ಎಂದೆ. ಎಣ್ಣೆಪಾತ್ರೆಗೆ, ತಲೆಗೆ, ವಿಭೂತಿ ಗಟ್ಟಿಯಾಗಿ ಅಂಟಿದ ತಟ್ಟೆಗೆ ನಮ್ಮಲ್ಲಿ ಅದೇ. ಅವನು ಎದೆಯ ಮೇಲೆ ಕೈಯಿಟ್ಟುಕೊಂಡ. ಬಿಸಿನೀರು ತಾಗಿದರೆ ಅದು ಮುದುರಿ ಕೈಗೆ ಬರುತ್ತದಂತೆ, ನಮ್ಮ ಹಪ್ಪಳದ ಹಾಗೆ. ತಣ್ಣೀರು, ಒಂದು ಹನಿ ಸೋಪು, ಮೆತ್ತನೆಯ ಬ್ರಷ್ಷು; ಗೆರೆ ಹೋದ ಕಡೆಗೇ ಬ್ರಷ್ಷು ಹೋಗಬೇಕು, ಅಡ್ಡ ಹೋಗಬಾರದು. ಒಣಗಿಸಿ, ಮತ್ತೆ ತೊಳೆಯಿರಿ. ನಾಲ್ಕೈದು ಸಲವಾದರೂ ಬೇಕು. ಅವಸರ ಮಾಡಬೇಡಿ.

ಆಪರೇಷನ್ನಿಗೆ ಇನ್ನೂ ಎಂಟು ದಿನವಿತ್ತು. ಅವಸರವೇನಿಲ್ಲ ಎಂದುಕೊಂಡೆವು.

ನಾಲ್ಕನೇ ದಿನ: ಫೋನು

ಎರಡನೇ ಸಲ ತೊಳೆದು, ರೆಕಾರ್ಡನ್ನು ಪಾತ್ರೆಯ ಸ್ಟ್ಯಾಂಡಿನಲ್ಲಿ ಊಟದ ತಟ್ಟೆಗಳ ನಡುವೆ ನಿಲ್ಲಿಸಿದ್ದೆ. ಹನ್ನೊಂದು ಗಂಟೆಗೆ ಫೋನು ಬಂತು. ಕೊಟ್ರನಿಗೆ ಫೋನಿನಲ್ಲಿ ಸರಿಯಾಗಿ ಕೇಳಿಸುತ್ತಿರಲಿಲ್ಲ, ನಾನೇ ತೆಗೆದುಕೊಂಡೆ. ಆಸ್ಪತ್ರೆಯವರು. ಒಂದು ಹಾಸಿಗೆ ಖಾಲಿಯಾಗಿದೆ. ಡಾಕ್ಟರು ಕಾಯುವುದು ಬೇಡ ಎನ್ನುತ್ತಾರೆ. ಮಧ್ಯಾಹ್ನ ಮೂರರೊಳಗೆ ಬರಬೇಕು, ನಾಳೆ ಬೆಳಿಗ್ಗೆಯೇ ಆಪರೇಷನ್.

"ಥ್ಯಾಂಕ್ ಯೂ ಸೋ ಮಚ್," ಎಂದು ಫೋನಿಟ್ಟೆ. ಎರಡು ದಿನ ಕೊಡಿ ಎಂದು ಕೇಳಬಹುದಿತ್ತೋ ಏನೋ. ಅವರ ದನಿಯಲ್ಲಿ ಅಷ್ಟು ವಿನಯವಿತ್ತು, ಕೇಳಲು ಬಾಯಿ ಬರಲಿಲ್ಲ.

ಕೊಟ್ರ ಸ್ಟ್ಯಾಂಡಿನ ಮುಂದೆ ಹೋಗಿ ನಿಂತ. ರೆಕಾರ್ಡಿನ ಅಂಚಿನಿಂದ ಇನ್ನೂ ಬಿಳಿಯ ಹನಿ ಇಳಿಯುತ್ತಿತ್ತು. ಒದ್ದೆಯಿದ್ದಂತೆಯೇ ಹಾಕೋಣವೇ ಎಂದೆ. ಕೆಸರಿನ ಮೇಲೆ ಮುಳ್ಳು ಓಡಿದರೆ ಇದ್ದದ್ದೂ ಹರಿದುಹೋಗುತ್ತದೆ ಎಂದ.

"ಅಕ್ಕಾ, ನೀ ಕೇಳು."

"ನಾನಾ? ನನಗೇನು ತಿಳಿತೈತಿ ಲೇ ಇದರಾಗ?"

"ತಿಳ್ಯೋದು ಬ್ಯಾಡ, ಕೇಳಿದ್ರ ಸಾಕು. ಹಿಂದಿನ ಬೆಂಚಿನ್ಯಾಗ ಹುಡುಗೇರು ಪಿಸುಗುಟ್ಟಿದ್ರ ಬೋರ್ಡಿನ ಕಡಿ ಮುಖ ಮಾಡಿನೇ ಹೆಸರು ಹಿಡದು ಕರೀತಿದ್ದಿ ಅಂತ ಅವ್ವ ಬರಸ್ತಿದ್ಲು. ಮುಗದ ಮ್ಯಾಲೆ ಮುಳ್ಳು ಎತ್ತಬ್ಯಾಡ. ಕಾಯಿ. ಇದ್ರ ಐತಿ ಅಂತ ಬರದು ತೋರಿಸು. ಇಲ್ಲಾಂದ್ರ ಇಲ್ಲ ಅನ್ನು. ಲೆನ್ ಮಾತು ಬ್ಯಾಡ ನನಗ. ನಿಂದು ಬೇಕು."

ಟ್ಯಾಕ್ಸಿಯಲ್ಲಿ ನನ್ನನ್ನು ಬಲಕ್ಕೆ ಕೂರಿಸಿಕೊಂಡ. "ಏನರ ಮಾತಾಡು," ಎಂದ. ಏನು ಮಾತಾಡಲಿ? ಇಪ್ಪತ್ತಾರು ವರ್ಷದ ಮಾತಿತ್ತು. "ನಮ್ಮ ಕಡಿ ಬಸ್ಸಿನ ಊರು ಹೇಳು, ಕಂಡಕ್ಟರ್ ಕೂಗಿದಂಗ," ಎಂದ. ಹೇಳಿದೆ. ಕೂಡ್ಲಿಗಿ, ಕಾನಹೊಸಹಳ್ಳಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಚಿಗಟೇರಿ, ಹರಪನಹಳ್ಳಿ. "ಇಷ್ಟು ಮೆತ್ತಗ ಕೂಗಿದ್ರ ಯಾರು ಹತ್ತತಾರ?" ಎಂದ. ಡ್ರೈವರು ಕನ್ನಡಿಯಲ್ಲಿ ನೋಡುತ್ತಿದ್ದ. ನನಗೆ ಎಂಬರಾಸ್‌ಮೆಂಟು. ಇನ್ನೊಮ್ಮೆ ಹೇಳಿದೆ, ಅಷ್ಟೇ ಮೆತ್ತಗೆ. ಅವನು ಬಲಗಿವಿಯನ್ನು ನನ್ನ ಬಾಯಿಯ ಹತ್ತಿರ ತಂದು ಕಣ್ಣು ಮುಚ್ಚಿ ಕೇಳಿದ.

ಒಬ್ಬಳೇ

ಆಪರೇಷನ್ ಒಂಬತ್ತು ಗಂಟೆ ಹಿಡಿಯಿತು. ಮುಗಿದ ಮೇಲೂ ನಾಲ್ಕು ದಿನ ಯಾರನ್ನೂ ಒಳಗೆ ಬಿಡಲಿಲ್ಲ. ಗಾಜಿನಾಚೆಯಿಂದ ಬ್ಯಾಂಡೇಜು ನೋಡಿ ಮನೆಗೆ ಬರುತ್ತಿದ್ದೆ, ಬಂದು ರೆಕಾರ್ಡು ತೊಳೆಯುತ್ತಿದ್ದೆ.

ಮೂರನೇ ಸಲಕ್ಕೂ ನೀರು ಸುಣ್ಣ ಕದಡಿದ ಹಾಗಿತ್ತು. ಕುಂಕುಮ ಬಣ್ಣ ಬಿಟ್ಟು ಅಂಚಿನಲ್ಲಿ ನಸುಗೆಂಪು. ಅದನ್ನು ಸಿಂಕಿಗೆ ಬಿಡಲಾಗದೆ ಬಕೆಟ್ಟಿನಲ್ಲಿ ಹಿಡಿದು ಹಿತ್ತಲಿನ ಗುಲಾಬಿ ಗಿಡದ ಬುಡಕ್ಕೆ ಸುರಿದೆ. ಬೇಲಿಯಾಚೆಯ ಮುದುಕಿ ನೋಡಿ, ನೋಡದವಳ ಹಾಗೆ ಒಳಗೆ ಹೋದಳು. ಐದನೇ ಸಲ ನೀರು ತಿಳಿಯಾಯಿತು. ಪಟ್ಟೆ ಇದ್ದ ಕಡೆ ಕಪ್ಪು ಒಂದಿಷ್ಟು ಮಂಕಾಗಿ ಉಳಿದಿತ್ತು, ಅಷ್ಟೇ. ಅವ್ವನ ಕೈ ತೊಳೆದುಬಿಟ್ಟೆನಲ್ಲ ಎನಿಸಿ ಆ ಹೊತ್ತು ಊಟ ಸೇರಲಿಲ್ಲ.

ಮೊದಲು ಸಿ.ಡಿ. ಕೇಳಿದೆ, ಆಮೇಲೆ ಮೊನೊ. ನಾನು ರಾಕ್ ಸಂಗೀತವನ್ನು ಮೆಚ್ಚುವವಳಲ್ಲ. ಕಾನ್ವೆಂಟಿನಲ್ಲಿ ಹಿಮ್ಸ್ ಹಾಡಿದವಳು, ಮನೆಯಲ್ಲಿ ವಚನ ಕೇಳಿದವಳು. ಆದರೂ ತಮ್ಮ ಹೇಳಿದ್ದು ನಿಜವೆಂದು ನನಗೂ ತಿಳಿಯಿತು. ಸಿ.ಡಿ.ಯಲ್ಲಿ ಎಲ್ಲವೂ ಸ್ವಚ್ಛ, ಒಬ್ಬೊಬ್ಬರೂ ಅವರವರ ಜಾಗದಲ್ಲಿ, ಪರೀಕ್ಷೆಗೆ ದೂರ ದೂರ ಕೂರಿಸಿದ ಮಕ್ಕಳ ಹಾಗೆ. ಮೊನೊದಲ್ಲಿ ಐದೂ ಹುಡುಗರು ಒಂದೇ ಬಾಗಿಲಲ್ಲಿ ಒತ್ತಿಕೊಂಡು ಒಳಗೆ ಬಂದರು. ಎರಡನೇ ಹಾಡಿನಲ್ಲಿ ಸಿ.ಡಿ.ಯಲ್ಲಿಲ್ಲದ ಒಂದು ತಂಬೂರಿಯಂಥ ಗುಂಯ್ ಇತ್ತು. ನಾಲ್ಕನೆಯದರಲ್ಲಿ ಹಾಡುವವನು ಒಂದು ಸಾಲನ್ನು ತಪ್ಪಾಗಿ ಮೊದಲೇ ಎತ್ತಿಕೊಂಡು ನುಂಗಿದ್ದ. ಸ್ಟೀರಿಯೋದಲ್ಲಿ ಆ ತಪ್ಪನ್ನು ತಿದ್ದಿದ್ದರು. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಕೊನೆಯ ಹಾಡು. ಮುಚ್ಚಿದ ಬಾಗಿಲಿನ ಹೊರಗೆ ಒಬ್ಬ ಹುಡುಗ ನಿಂತು ಕೇಳುತ್ತಾನೆ, ಒಳಗಿನವಳು ಉತ್ತರ ಕೊಡುವುದಿಲ್ಲ. ಹಾಡು ಸಣ್ಣಗಾಗುತ್ತ ಹೋಯಿತು. ಮೊನೊದಲ್ಲಿ ಅದು ನಿಜವಾಗಿಯೂ ಹೆಚ್ಚು ಹೊತ್ತು ಉಳಿಯಿತು, ಹತ್ತು ಹದಿನೈದು ಸೆಕೆಂಡು. ಗಿಟಾರು ಹೋಯಿತು. ಡ್ರಮ್ಮು ಹೋಯಿತು. ಮುಳ್ಳಿನ ಸುಯ್ ಮಾತ್ರ ಉಳಿಯಿತು. ಮುಳ್ಳು ಎತ್ತದೆ ಕಾದೆ.

ಏನೂ ಇರಲಿಲ್ಲ.

ಇನ್ನೊಮ್ಮೆ ಹಾಕಿದೆ. ಹೆಡ್‌ಫೋನಿನಲ್ಲಿ ಹಾಕಿದೆ. ಸ್ಪೀಕರಿನ ಬಟ್ಟೆಗೆ ಕಿವಿಯಿಟ್ಟು, ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸಿ ಹಾಕಿದೆ. ಗೋಡೆಯಾಚೆಯವರು ಮೊದಲ ಸಲ ಗೋಡೆ ಬಡಿದರು. ಮೂರು ದಿನದಲ್ಲಿ ಎಷ್ಟು ಸಲ ಕೇಳಿದೆನೆನ್ನುವುದು ನೆನಪಿಲ್ಲ. ಒಂದು ಸಲ ಕೇಳಿಸಿದಂತಾಗಿ ಎದ್ದು ನಿಂತೆ. ಅದು ರಸ್ತೆಯಲ್ಲಿ ಸ್ಕೂಲು ಬಿಟ್ಟು ಹೋಗುತ್ತಿದ್ದ ಮಕ್ಕಳು.

ಇದೆ ಎಂದು ಬರೆದರೆ ಯಾರಿಗೆ ನಷ್ಟ? ಅವನು ಇನ್ನೆಂದೂ ತಾಳೆ ನೋಡಲಾರ. ಲೆನ್ ಬಂದು ಜಗಳವಾಡಿದರೂ ಕೇಳಿಸಿಕೊಳ್ಳಲಾರ. ಈ ಜಗತ್ತಿನಲ್ಲಿ ಅವನು ನಂಬುವ ಕಿವಿ ನನ್ನದೊಂದೇ. ಹಾಗೆ ಅಂದುಕೊಂಡಾಗಲೇ ಬರೆಯಲಾರೆನೆಂದು ಗೊತ್ತಾಯಿತು. ನಾನು ಜೋನ್‌ಗೆ ಬರೆದ ಚೆಂದದ ವಾಕ್ಯವೊಂದು ಆಗಲೇ ಈ ಮನೆಗೆ ಒಮ್ಮೆ ಬಂದಿತ್ತು.

ವಾರ್ಡು

ಅವನನ್ನು ಹನ್ನೆರಡು ಹಾಸಿಗೆಯ ವಾರ್ಡಿಗೆ ತಂದಿದ್ದರು. ಕಿವಿಯ ನರದ ಜೊತೆ ಮುಖದ ನರಕ್ಕೂ ಪೆಟ್ಟಾಗಿ ಬಲಗೆನ್ನೆ ಜೋತಿತ್ತು, ಆ ಕಣ್ಣು ಮುಚ್ಚುತ್ತಿರಲಿಲ್ಲ. ನರ್ಸು ಕೊಟ್ಟ ಪ್ಯಾಡು, ಪೆನ್ನು ಮಂಚದ ಪಕ್ಕ ಇದ್ದವು. ಅಲ್ಲಿಯ ವಾರ್ಡುಗಳಲ್ಲಿ ನಮ್ಮ ಹಾಗೆ ನೆಂಟರು ಚಾಪೆ ಹಾಸಿ ಕೂರುವುದಿಲ್ಲ, ಬುತ್ತಿ ಬಿಚ್ಚುವುದಿಲ್ಲ. ಬಂದವರು ಗಡಿಯಾರ ನೋಡಿ ಪಿಸುಮಾತಾಡಿ ಹೋಗುತ್ತಾರೆ. ನೋವಿದ್ದವರೂ ತಲೆದಿಂಬಿನೊಳಗೆ ನರಳುತ್ತಾರೆ.

ಕೊಟ್ರ ನನ್ನನ್ನು ನೋಡಿದವನೇ ಹುಬ್ಬು ಹಾರಿಸಿದ. ನೋವೆಷ್ಟಿದೆ, ಊಟವೇನು ಎಂದೆಲ್ಲ ಬರೆಯಹೊರಟರೆ ಪೆನ್ನು ಹಿಡಿದ ನನ್ನ ಕೈಯನ್ನು ತಡೆದ. ಅವನಿಗೆ ಬೇಕಾದದ್ದು ಒಂದೇ. ನಾನು ಬರೆದೆ: "ಐದು ಸಲ ತೊಳೆದೆ. ಚೆನ್ನಾಗಿ ಕೇಳಿಸುತ್ತದೆ. ಕೊನೆಯ ಹಾಡು ಮೊನೊದಲ್ಲಿ ಉದ್ದ ಇದೆ, ನೀನು ಹೇಳಿದ್ದು ಸರಿ. ನಗು ಇಲ್ಲ."

ಓದಿದ. ಕೊನೆಯ ಎರಡು ಪದಗಳ ಮೇಲೆ ಕಣ್ಣು ನಿಂತಿತು. ಪ್ಯಾಡನ್ನು ಎದೆಯ ಮೇಲೆ ಬೋರಲು ಹಾಕಿ ಛಾವಣಿ ನೋಡುತ್ತ ಮಲಗಿದ. ನಾನು ತಪ್ಪು ಮಾಡಿದೆನೆಂದೇ ಅಂದುಕೊಂಡೆ. ಆಗ ಇದ್ದಕ್ಕಿದ್ದಂತೆ ಎದ್ದು ಕುಳಿತ.

"ಅಕ್ಕಾ! ಅದು ಜೋನ್!"

ತನ್ನ ದನಿ ತನಗೆ ಕೇಳಿಸದವನ ಕೂಗು ಅದು. ವಾರ್ಡಿನ ಆ ತುದಿಯಲ್ಲಿ ಯಾರದೋ ಚಮಚ ಬಿತ್ತು.

"ಜೋನ್ ನಕ್ಕಿದ್ದದು! ನಾ ಕೇಳೋ ಕೋಣ್ಯಾಗ ಕುಂತಿದ್ದೆ, ಆಕಿ ಕವರ್ ಹೊತಗೊಂಡು ಹಿಂದ ಬಂದು ನಿಂತಿದ್ಲು! ನನಗ ಗೊತ್ತಿರಲಿಲ್ಲ! ಹಾಡು ಮುಗೀತು, ಆಕಿ ನಕ್ಕಳು! ಅವತ್ತು ಮೊದಲ ಸಲ ನಾ ಆಕಿ ದನಿ ಕೇಳಿದ್ದು! ಇಪ್ಪತ್ತು ವರ್ಷ ಅದನ್ನ ರೆಕಾರ್ಡಿನ್ಯಾಗ ಐತಿ ಅಂದುಕೊಂಡೀನಿ ನೋಡು! ರೆಕಾರ್ಡಿನ್ಯಾಗಿಲ್ಲ ಅಕ್ಕಾ! ಎಲ್ಲೂ ಇಲ್ಲ ಅದು!" ಜೋತ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಆ ಕಡೆ ಅವನಿಗೆ ಅದು ತಿಳಿಯುತ್ತಿರಲಿಲ್ಲ. "ಹೆಂಗ ನಗತಿದ್ಲು ಗೊತ್ತೇನು ನಿನಗ? ಹೇಳತೀನಿ ತಡಿ, ಹಿಂಗ..."

ಹನ್ನೊಂದು ಹಾಸಿಗೆಗಳೂ ನಮ್ಮನ್ನೇ ನೋಡುತ್ತಿದ್ದವು. ಎದುರಿನ ಮುದುಕ ಪತ್ರಿಕೆ ಕೆಳಗಿಳಿಸಿದ. ನರ್ಸು ಎದ್ದು ನಿಂತಳು. ಕಾರಿಡಾರಿನಲ್ಲಿ ಚಪ್ಪಲಿ ಸದ್ದಾದರೂ ಕೈಮೇಲೆ ಸ್ಕೇಲು ಬೀಳುತ್ತಿದ್ದ ಶಾಲೆಯಲ್ಲಿ ಕಲಿತವಳು ನಾನು; ಮೂವತ್ತು ವರ್ಷ ಇನ್ನೊಬ್ಬರ ಮಕ್ಕಳಿಗೆ ಅದನ್ನೇ ಕಲಿಸಿದವಳು. ಯೋಚನೆಗೆ ಮೊದಲೇ ಕೈ ಪ್ಯಾಡು ಎಳೆದು ಬರೆಯಿತು.

"ಮೆಲ್ಲಗೆ. ಎಲ್ಲರೂ ನೋಡುತ್ತಿದ್ದಾರೆ."

ಅವನ ಬಾಯಿ, ಜೋನ್‌ಳ ನಗುವಿಗೆಂದು ತೆರೆದದ್ದು, ಹಾಗೆಯೇ ಇತ್ತು. ಓದಿದ. ಬಾಯಿ ಮುಚ್ಚಿದ. ಸುತ್ತ ನೋಡಿ ಇಂಗ್ಲಿಷಿನಲ್ಲಿ "ಸಾರಿ" ಎಂದ. ದಿಂಬಿಗೆ ಒರಗಿದ.

ಮರುದಿನ ಹೋದಾಗ ಎಲ್ಲಕ್ಕೂ ಮೊದಲು ಬರೆದದ್ದು ಅದನ್ನೇ: "ಜೋನ್ ಹೇಗೆ ನಗುತ್ತಿದ್ದಳು? ಹೇಳು." ಅವನು ಓದಿ, ಅಕ್ಕಪಕ್ಕದ ಹಾಸಿಗೆಗಳನ್ನು ಒಮ್ಮೆ ನೋಡಿ, ಹೇಳತೊಡಗಿದ. ತುಟಿಗಳು ಆಡಿದವು. ಬಹಳ ಹೊತ್ತು ಹೇಳಿದ; ನಡುವೆ ಒಮ್ಮೆ ಎಡಗಡೆಯ ಕೆನ್ನೆ ನಗುವಿಗೆ ಎದ್ದಿತು ಕೂಡ. ಎಷ್ಟು ಮೆತ್ತಗೆ ಮಾತಾಡಿದರೆ ಸಾಕೆಂದು ಅಳೆಯಲು ಅವನಿಗೆ ಯಾವ ದಾರಿಯೂ ಉಳಿದಿರಲಿಲ್ಲ. ನಾನು ಅವನ ಬಾಯಿಯ ಹತ್ತಿರ ಕಿವಿ ಒಯ್ದೆ. ಉಸಿರು ತಾಗಿತು. ಒಂದು ಮಾತೂ ಕೇಳಿಸಲಿಲ್ಲ.

ಜೋರಾಗಿ ಹೇಳು ಎಂದು ಬರೆದು ಪ್ಯಾಡು ಎತ್ತಿ ಹಿಡಿದೆ. ಅವನು ಆ ಕಡೆ ನೋಡುತ್ತಿರಲಿಲ್ಲ.